ಮೂರು ವರ್ಷದ ಮಗ ರಾತ್ರಿ ಹನ್ನೊಂದಾದರೂ ಮಲಗುವುದಿಲ್ಲ, ಮಧ್ಯಾಹ್ನದ ನಿದ್ದೆ ಬಿಡಿಸಬೇಕಾ?

ಎರಡು ಮಕ್ಕಳ ತಾಯಿ:

ಎಲ್ಲರಿಗೂ ನಮಸ್ಕಾರ. ದೊಡ್ಡ ಮಗನಿಗೆ ಈಗಷ್ಟೇ ಮೂರು ತುಂಬಿದೆ, ಚಿಕ್ಕವಳಿಗೆ ಐದು ತಿಂಗಳು. ತೊಂದರೆ ದೊಡ್ಡವನದು. ರಾತ್ರಿ ಒಂಬತ್ತಕ್ಕೆ ಹಾಸಿಗೆಗೆ ಕರೆದುಕೊಂಡು ಹೋದರೆ ಹನ್ನೊಂದಾದರೂ ಕಣ್ಣು ಮುಚ್ಚುವುದಿಲ್ಲ. ನೀರು ಬೇಕು, ಉಚ್ಚೆ ಬಂತು, ಇನ್ನೊಂದು ಕಥೆ ಹೇಳು, ಕಾಲು ನೋಯುತ್ತಿದೆ, ಲೈಟ್ ಹಾಕು, ಹೀಗೆ ನಡೆಯುತ್ತಲೇ ಇರುತ್ತದೆ. ಅಷ್ಟರಲ್ಲಿ ಪಾಪು ಎದ್ದು ಅಳಲು ಶುರು. ಅವಳಿಗೆ ಹಾಲು ಕೊಡಲು ನಾನು ಎದ್ದರೆ ಇವನೂ ಹಾಸಿಗೆಯಿಂದ ಇಳಿದು ಹಿಂದೆಯೇ ಬರುತ್ತಾನೆ. ಗಂಡನಿಗೆ ರಾತ್ರಿ ಪಾಳಿ ಇರುವ ವಾರಗಳಲ್ಲಿ ನಾನೊಬ್ಬಳೇ.

ಬೆಳಿಗ್ಗೆ ಎಂಟೂವರೆಗೆ ಏಳುತ್ತಾನೆ. ಮಧ್ಯಾಹ್ನ ಮೂರರ ಹೊತ್ತಿಗೆ ಮಲಗಿದರೆ ಐದರವರೆಗೆ ಒಳ್ಳೆ ನಿದ್ದೆ, ಆಗ ಮಾತ್ರ ನನಗೆ ಸ್ವಲ್ಪ ಉಸಿರಾಡಲು ಸಮಯ. ಅತ್ತೆ ಹೇಳುತ್ತಾರೆ, ಮಗುವಿಗೆ ನಿದ್ದೆ ಬಂದಾಗ ಮಲಗಲಿ ಬಿಡು ಅಂತ. ಅಕ್ಕ ಹೇಳುತ್ತಾಳೆ, ರೂಮಿನಲ್ಲಿ ಬಿಟ್ಟು ಬಾಗಿಲು ಹಾಕು, ನಾಲ್ಕು ದಿನ ಅತ್ತು ಸುಮ್ಮನಾಗುತ್ತಾನೆ ಅಂತ. ನನಗೆ ಎರಡೂ ಮನಸ್ಸಿಗೆ ಒಪ್ಪುತ್ತಿಲ್ಲ. ಮುಂದಿನ ತಿಂಗಳು ನರ್ಸರಿ ಶುರು, ಏಳಕ್ಕೆ ಎಬ್ಬಿಸಲೇಬೇಕು. ಮಧ್ಯಾಹ್ನದ ನಿದ್ದೆ ಬಿಡಿಸಿದರೆ ಸರಿಹೋಗುತ್ತದಾ? ಮತ್ತೆ ಒಬ್ಬಳೇ ಇರುವಾಗ ಇಬ್ಬರನ್ನೂ ಮಲಗಿಸುವುದು ಹೇಗೆ? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಮಲ್ಲಿಗೆಬಳ್ಳಿ:

ಬಿಡಿಸಿಬಿಡಿ. ನಮ್ಮ ಮಗಳಿಗೆ ಮೂರಾಗುತ್ತಿದ್ದಂತೆ ಮಧ್ಯಾಹ್ನದ ನಿದ್ದೆ ಬಿಡಿಸಿದೆವು. ಈಗ ರಾತ್ರಿ ಎಂಟಕ್ಕೆಲ್ಲ ತಾನೇ ಹೋಗಿ ಮಲಗುತ್ತಾಳೆ. ಮೊದಲ ಕೆಲವು ದಿನ ಸಂಜೆ ತುಂಬಾ ಕಿರಿಕಿರಿ ಮಾಡಿದಳು, ಆಮೇಲೆ ಹೊಂದಿಕೊಂಡಳು.

ಹಳೇ ಗಡಿಯಾರ:

ಒಂದೇ ಸಲಕ್ಕೆ ಬಿಡಿಸುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಮೇಲೆ ಹೇಳಿದವರ ಮಗಳು ಬಿಡಲು ತಯಾರಾಗಿದ್ದಳು, ಅದಕ್ಕೇ ಬಿಟ್ಟಳು. ಹೆಚ್ಚಿನ ಮಕ್ಕಳು ಮೂರರಿಂದ ಐದು ವರ್ಷದೊಳಗೆ ಮಧ್ಯಾಹ್ನದ ನಿದ್ದೆ ಬಿಡುತ್ತಾರೆ, ಅದು ದೊಡ್ಡ ಅಂತರ. ನಿಮ್ಮ ಮಗ ಎರಡು ಗಂಟೆ ಗಾಢವಾಗಿ ಮಲಗುತ್ತಾನೆ ಅಂದರೆ ಅವನಿಗೆ ಅದು ಇನ್ನೂ ಬೇಕು. ಕಿತ್ತುಕೊಂಡರೆ ಸಂಜೆ ಆರಕ್ಕೆ ಕೂತಲ್ಲೇ ತೂಕಡಿಸಿ, ಏಳಕ್ಕೆ ಎದ್ದು, ಆಮೇಲೆ ಹನ್ನೆರಡರವರೆಗೂ ಎಚ್ಚರ ಇರುತ್ತಾನೆ. ಅದು ಈಗಿನದ್ದಕ್ಕಿಂತ ಕಷ್ಟ.

ನೀವು ಕೊಟ್ಟ ಲೆಕ್ಕವನ್ನೇ ಕೂಡಿಸಿ ನೋಡಿ. ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಎಂಟೂವರೆ, ಒಂಬತ್ತೂವರೆ ಗಂಟೆ. ಮಧ್ಯಾಹ್ನ ಎರಡು ಗಂಟೆ. ಒಟ್ಟು ಹನ್ನೊಂದೂವರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ 3-4 ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಅಂತಿದೆ, ಮಧ್ಯಾಹ್ನದ್ದೂ ಅದರಲ್ಲೇ ಸೇರಿತು. ಹಾಗಾಗಿ ನಿಮ್ಮ ಮಗನಿಗೆ ನಿದ್ದೆ ಕಡಿಮೆಯಾಗಿಲ್ಲ. ಇಡೀ ದಿನವೇ ಎರಡು ಗಂಟೆ ಮುಂದಕ್ಕೆ ಹೋಗಿ ಕೂತಿದೆ ಅಷ್ಟೇ. ಇನ್ನೊಂದು ಗಮನಿಸಿ. ಬೆಳಿಗ್ಗೆ ಎದ್ದ ಮೇಲೆ ಅವನು ಆರೂವರೆ ಗಂಟೆ ಎಚ್ಚರ ಇದ್ದು ಮಧ್ಯಾಹ್ನ ಮಲಗುತ್ತಾನೆ. ಐದಕ್ಕೆ ಎದ್ದವನು ಮತ್ತೆ ಆರು ಗಂಟೆ ಎಚ್ಚರ ಇದ್ದು ಹನ್ನೊಂದಕ್ಕೆ ಮಲಗುತ್ತಾನೆ. ಒಂಬತ್ತಕ್ಕೆ ಅವನಿಗೆ ನಿಜವಾಗಿಯೂ ನಿದ್ದೆ ಬಂದಿರುವುದಿಲ್ಲ. ಅದು ಹಠ ಅಲ್ಲ.

ಆದ್ದರಿಂದ ರಾತ್ರಿ ಜಗಳ ಆಡುವುದನ್ನು ಬಿಟ್ಟು ಬೆಳಿಗ್ಗೆಯಿಂದ ಸರಿ ಮಾಡಿ. ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಬೇಗ ಎಬ್ಬಿಸಿ. ಎಬ್ಬಿಸಿದ ಕೂಡಲೇ ಪರದೆ ಸರಿಸಿ, ಸಾಧ್ಯವಾದರೆ ಹೊರಗೆ ಸ್ವಲ್ಪ ಹೊತ್ತು ಓಡಾಡಿಸಿ. ದೇಹದ ಗಡಿಯಾರ ಬೆಳಿಗ್ಗೆಯ ಬೆಳಕು ನೋಡಿಯೇ ಹಿಂದೆ ಸರಿಯುವುದು. ಬೆಳಿಗ್ಗೆ ಬೇಗ ಆದಂತೆ ಮಧ್ಯಾಹ್ನದ ನಿದ್ದೆಯೂ ತಾನಾಗಿ ಹಿಂದಕ್ಕೆ ಬರುತ್ತದೆ. ಒಂದಕ್ಕೆ ಮಲಗಿ ಎರಡೂವರೆಗೆ ಎದ್ದರೆ ಸಾಕು, ಅದಕ್ಕಿಂತ ಜಾಸ್ತಿ ಮಲಗಲು ಬಿಡಬೇಡಿ. ಏಳಕ್ಕೆ ಏಳುವ ಮಗು, ಮಧ್ಯಾಹ್ನ ಒಂದೂವರೆ ಗಂಟೆ ಮಲಗಿದರೆ, ರಾತ್ರಿ ಒಂಬತ್ತರ ಹೊತ್ತಿಗೆ ನಿದ್ದೆಗೆ ಬೀಳುತ್ತದೆ, ಲೆಕ್ಕ ಅಲ್ಲಿಗೆ ಸರಿಹೋಗುತ್ತದೆ.

ರಾತ್ರಿಗೆ ಈಗ ಸದ್ಯಕ್ಕೆ ಒಂಬತ್ತಕ್ಕೆ ಹಾಸಿಗೆಗೆ ಕರೆದೊಯ್ಯಲೇಬೇಡಿ. ಹತ್ತೂವರೆಗೆ ಕರೆದೊಯ್ಯಿರಿ. ಕೇಳಲು ವಿಚಿತ್ರ ಅನಿಸಬಹುದು. ಆದರೆ ಹಾಸಿಗೆಯಲ್ಲಿ ಎರಡು ಗಂಟೆ ಹೊರಳಾಡಿದರೆ ಹಾಸಿಗೆ ಅಂದರೆ ಗಲಾಟೆಯ ಜಾಗ ಅಂತ ಅವನಿಗೆ ರೂಢಿ ಆಗಿಬಿಡುತ್ತದೆ. ಮಲಗಿದ ಸ್ವಲ್ಪ ಹೊತ್ತಿಗೇ ನಿದ್ದೆ ಬರುತ್ತಿದೆ ಅಂತಾದ ಮೇಲೆ ಆ ಸಮಯವನ್ನೂ ಹದಿನೈದು ಹದಿನೈದು ನಿಮಿಷ ಹಿಂದಕ್ಕೆ ತನ್ನಿ.

ಮಲಗುವ ಮುಂಚಿನ ಒಂದು ಗಂಟೆ ಮನೆಯ ದೊಡ್ಡ ಲೈಟುಗಳನ್ನು ಆರಿಸಿ. ಇದನ್ನು ಸುಮ್ನೆ ಹೇಳುತ್ತಿಲ್ಲ. ಚಿಕ್ಕ ಮಕ್ಕಳ ಕಣ್ಣಿಗೆ ರಾತ್ರಿಯ ಬೆಳಕು ದೊಡ್ಡವರಿಗಿಂತ ಹೆಚ್ಚು ತಾಗುತ್ತದೆ. 2018ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳನ್ನು ಮಲಗುವ ಮುಂಚೆ ಒಂದು ಗಂಟೆ ಪ್ರಖರ ಬೆಳಕಿನಲ್ಲಿ ಆಡಲು ಬಿಟ್ಟು ನೋಡಿದರು. ನಿದ್ದೆ ತರಿಸುವ ಮೆಲಟೋನಿನ್ ಶೇಕಡಾ 88ರಷ್ಟು ತಗ್ಗಿತ್ತು. ಮಕ್ಕಳ ಸಂಖ್ಯೆ ಚಿಕ್ಕದು, ಹತ್ತೇ ಜನ. ಆದರೂ ಲೈಟ್ ಆರಿಸಲು ಖರ್ಚೇನಿಲ್ಲ ಅಲ್ವಾ. ಮೊಬೈಲ್, ಟಿವಿಗೂ ಇದೇ ಮಾತು.

ಅಪ್ಪನ ಪಾಳಿ:

ಮೇಲಿನ ಲೆಕ್ಕ ನೂರಕ್ಕೆ ನೂರು ಸರಿ. ನಾನು ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ನಮ್ಮ ಮನೆಯಲ್ಲಿ ರಾತ್ರಿ ಇಬ್ಬರನ್ನೂ ಮಲಗಿಸುವುದು ನಾನೇ.

ನೀರು, ಉಚ್ಚೆ, ಕಥೆ ಅಂತ ಕೇಳುತ್ತಾನಲ್ಲ, ಅದರಲ್ಲಿ ಅರ್ಧ ಅಮ್ಮ ಬೇಕು ಅಂತ ಕೇಳುವುದೇ. ಇಡೀ ದಿನ ಪಾಪು ನಿಮ್ಮ ಮಡಿಲಲ್ಲಿ ಇರುತ್ತದೆ, ಅವನಿಗೆ ಸಿಗುವುದು ರಾತ್ರಿ ಮಾತ್ರ. ಹಾಗಾಗಿ ಸಂಜೆಯೇ ಹತ್ತು ಹದಿನೈದು ನಿಮಿಷ ಅವನೊಬ್ಬನಿಗೇ ಕೊಡಿ. ಮೊಬೈಲ್ ಇಲ್ಲದೆ, ಅವನು ಹೇಳಿದ ಆಟ. ಪಾಪು ಮಲಗಿದ್ದಾಗ ಮಾಡಿ, ಆಗ ಪಾತ್ರೆ ತೊಳೆಯುವುದು ಉಳಿದರೆ ಉಳಿಯಲಿ. ಇದು ಎಷ್ಟು ಕೆಲಸ ಮಾಡುತ್ತದೆ ಅಂತ ಮಾಡಿ ನೋಡಿದರೇ ಗೊತ್ತಾಗುವುದು.

ಆಮೇಲೆ ಒಂದು ಚೀಟಿ. ದಪ್ಪ ಕಾಗದದ ಮೇಲೆ ಅವನ ಕೈಯಲ್ಲೇ ಏನಾದರೂ ಬಣ್ಣ ಹಚ್ಚಿಸಿ. ರಾತ್ರಿ ಮಲಗಿದ ಮೇಲೆ ಆ ಚೀಟಿ ಕೊಟ್ಟು ಒಂದೇ ಒಂದು ಸಲ ಎದ್ದು ಬರಬಹುದು, ನೀರೋ, ಅಪ್ಪುಗೆಯೋ, ಏನು ಬೇಕೋ ಕೇಳಬಹುದು. ಕೊಟ್ಟ ಮೇಲೆ ಮುಗಿಯಿತು. ಮತ್ತೆ ಎದ್ದರೆ ಮಾತಿಲ್ಲದೆ, ಕೋಪ ಇಲ್ಲದೆ ಕೈ ಹಿಡಿದು ವಾಪಸ್ ಹಾಸಿಗೆಗೆ. ಮೂರು ದಾಟಿದ ಮಕ್ಕಳಿಗೆ ಇದು ಅರ್ಥವಾಗುತ್ತದೆ. ನಮ್ಮವನು ಎಷ್ಟೋ ದಿನ ಚೀಟಿಯನ್ನು ಖರ್ಚೇ ಮಾಡದೆ ಕೈಯಲ್ಲಿ ಹಿಡಿದುಕೊಂಡೇ ಮಲಗುತ್ತಿದ್ದ.

ಪಾಪುವಿಗೆ ಹಾಲು ಕೊಡುವ ಹೊತ್ತಿಗೇ ಇವನ ಕಥೆ ಇಟ್ಟುಕೊಳ್ಳಿ. ಅವನ ಹಾಸಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಹಾಲು ಕೊಡುತ್ತಾ ಕಥೆ ಹೇಳಿ. ಎದ್ದು ಹೋಗಲೇಬೇಕಾದರೆ "ಪಾಪುವನ್ನು ಮಲಗಿಸಿ ಬಂದು ನಿನ್ನನ್ನು ನೋಡುತ್ತೇನೆ" ಅಂತ ಹೇಳಿ ಹೋಗಿ. ಹೇಳಿದ ಮೇಲೆ ಬರಲೇಬೇಕು, ಅವನು ಮಲಗಿದ್ದರೂ. ಬಾಗಿಲು ಹಾಕುವುದು ನನಗೂ ಒಪ್ಪಿಗೆ ಇಲ್ಲ, ತಂಗಿ ಬಂದ ಮೇಲೆ ತನ್ನನ್ನು ಹೊರಗೆ ಹಾಕಿದರು ಅನ್ನುವ ಭಾವ ಬರಬಾರದು.

ಇನ್ನೊಂದು ಮುಖ್ಯ ಮಾತು. ಸುಸ್ತಾಗಿರುವಾಗ ಪಾಪುವನ್ನು ಎತ್ತಿಕೊಂಡು ಸೋಫಾ ಮೇಲೆ ಕೂತು ಹಾಲು ಕೊಡಬೇಡಿ. ಕಣ್ಣು ಹತ್ತಿದರೆ ಮಗು ಸಂದಿಗೆ ಜಾರಿ ಉಸಿರು ಕಟ್ಟುವ ಅಪಾಯ ಸೋಫಾದಲ್ಲಿ ತುಂಬಾ ಜಾಸ್ತಿ. ಒಂದು ವರ್ಷದವರೆಗೆ ಪಾಪುವನ್ನು ಅಂಗಾತ, ಗಟ್ಟಿ ಹಾಸಿಗೆ ಮೇಲೆ, ದಿಂಬು ಹೊದಿಕೆ ಗೊಂಬೆ ಯಾವುದೂ ಇಲ್ಲದೆ ಬೇರೆಯಾಗಿ ಮಲಗಿಸಿ. ಅಣ್ಣನ ಪಕ್ಕ ಬೇಡವೇ ಬೇಡ, ನಿದ್ದೆಯಲ್ಲಿ ಹೊರಳುವುದು ಅವನಿಗೆ ತಿಳಿಯುವುದಿಲ್ಲ.

ಮಲ್ಲಿಗೆಬಳ್ಳಿ:

ಲೆಕ್ಕ ನೋಡಿದ ಮೇಲೆ ನನಗೂ ಹಿಂದಕ್ಕೆ ತರುವುದೇ ಒಳ್ಳೆಯದು ಅನಿಸಿತು. ಕಾಲು ನೋವು ಅಂದಿರಲ್ಲ, ಅದನ್ನು ಬರೀ ನೆಪ ಅಂದುಕೊಳ್ಳಬೇಡಿ. ಈ ವಯಸ್ಸಿಗೆ ಸಂಜೆ ರಾತ್ರಿ ಹೊತ್ತಲ್ಲಿ ಎರಡೂ ಕಾಲು ನೋಯುವುದು, ಬೆಳಿಗ್ಗೆ ಏನೂ ಇಲ್ಲದಿರುವುದು ಸಾಮಾನ್ಯ. ಮೆತ್ತಗೆ ನೀವಿದರೆ ಸಾಕು. ಆದರೆ ಒಂದೇ ಕಾಲು ನೋಯುತ್ತಿದ್ದರೆ, ಬೆಳಿಗ್ಗೆಯೂ ಕುಂಟುತ್ತಿದ್ದರೆ, ಊತ ಅಥವಾ ಜ್ವರ ಇದ್ದರೆ ವೈದ್ಯರಿಗೆ ತೋರಿಸಿ. ಹೆಚ್ಚಿನ ರಾತ್ರಿ ಗೊರಕೆ ಹೊಡೆಯುತ್ತಿದ್ದರೂ ತೋರಿಸಬೇಕು.

ಎರಡು ಮಕ್ಕಳ ತಾಯಿ:

ಓದಿ ಕಣ್ಣು ತುಂಬಿ ಬಂತು, ಎಲ್ಲರಿಗೂ ತುಂಬಾ ಧನ್ಯವಾದ. ಗೊರಕೆ ಇಲ್ಲ, ನೋವು ಎರಡೂ ಕಾಲಿಗೆ, ಬೆಳಿಗ್ಗೆ ಓಡುತ್ತಾನೆ. ನಾಳೆಯಿಂದಲೇ ಎಬ್ಬಿಸುವುದನ್ನು ಶುರು ಮಾಡುತ್ತೇನೆ. ಒಂದು ಕೇಳುವುದು ಬಿಟ್ಟುಹೋಗಿತ್ತು. ಕೆಲವು ರಾತ್ರಿ ಮಲಗಿದ ಒಂದು ಒಂದೂವರೆ ಗಂಟೆಗೆ ಚೀರಿ ಎದ್ದು ಕೂರುತ್ತಾನೆ. ಕಣ್ಣು ಬಿಟ್ಟಿರುತ್ತಾನೆ, ನನ್ನನ್ನು ಗುರುತೇ ಹಿಡಿಯುವುದಿಲ್ಲ, ಎತ್ತಿಕೊಂಡರೆ ತಳ್ಳುತ್ತಾನೆ. ಬೆಳಿಗ್ಗೆ ಕೇಳಿದರೆ ನೆನಪಿಲ್ಲ. ಬೇಗ ಎಬ್ಬಿಸಿದರೆ ಇದು ಜಾಸ್ತಿ ಆಗುತ್ತದಾ?

ಹಳೇ ಗಡಿಯಾರ:

ಅದು ಕೆಟ್ಟ ಕನಸಲ್ಲ. ಕೆಟ್ಟ ಕನಸು ಸಾಮಾನ್ಯವಾಗಿ ಬೆಳಗಿನ ಜಾವದ ಕಡೆ ಬೀಳುತ್ತದೆ, ಮಗು ಪೂರ್ತಿ ಎಚ್ಚರವಾಗಿ ನಿಮ್ಮನ್ನು ಹುಡುಕುತ್ತದೆ. ಇದು ರಾತ್ರಿಯ ಮೊದಲ ಭಾಗದಲ್ಲಿ, ಗಾಢ ನಿದ್ದೆಯಿಂದ ಅರ್ಧಂಬರ್ಧ ಎದ್ದಾಗ ಆಗುವುದು. ನೋಡುವವರಿಗೆ ಎದೆ ಝಲ್ಲೆನ್ನುತ್ತದೆ, ಮಗುವಿಗೆ ಗೊತ್ತೇ ಇರುವುದಿಲ್ಲ. ಅಲ್ಲಾಡಿಸಿ ಎಬ್ಬಿಸಬೇಡಿ, ಬಿದ್ದು ಪೆಟ್ಟಾಗದಂತೆ ಪಕ್ಕದಲ್ಲಿ ಕೂತಿರಿ, ಕೆಲವು ನಿಮಿಷಕ್ಕೆ ತಾನೇ ಮಲಗುತ್ತಾನೆ. ಕೈಕಾಲು ಸೆಟೆದುಕೊಳ್ಳುವುದು, ಅದುರುವುದು ಕಂಡರೆ ಅಥವಾ ಒಂದೇ ರಾತ್ರಿಯಲ್ಲಿ ಮತ್ತೆ ಮತ್ತೆ ಆದರೆ ವೀಡಿಯೊ ಮಾಡಿಕೊಂಡು ವೈದ್ಯರಿಗೆ ತೋರಿಸಿ.

ನಿದ್ದೆ ಕೊರತೆ ಆದ ದಿನ ಇದು ಹೆಚ್ಚಾಗುತ್ತದೆ, ನಿಮ್ಮ ಅನುಮಾನ ಸರಿ. ಅದಕ್ಕೇ ಒಂದೇ ಸಲ ಏಳಕ್ಕೆ ಎಬ್ಬಿಸಬೇಡಿ. ಒಂದು ತಿಂಗಳಿದೆಯಲ್ಲ, ಮೂರು ದಿನಕ್ಕೆ ಕಾಲು ಗಂಟೆ ಅಂತ ಹಿಡಿದರೂ ನರ್ಸರಿ ಶುರುವಾಗುವ ಮುಂಚೆ ಏಳಕ್ಕೆ ಬಂದು ನಿಲ್ಲುತ್ತದೆ. ಚೀರಿ ಎದ್ದ ರಾತ್ರಿಯ ಮರುದಿನ ಮಧ್ಯಾಹ್ನ ಅರ್ಧ ಗಂಟೆ ಜಾಸ್ತಿ ಮಲಗಲಿ, ಎಬ್ಬಿಸುವ ಸಮಯವನ್ನು ಎರಡು ದಿನ ಅಲ್ಲೇ ಇಟ್ಟು ಆಮೇಲೆ ಮುಂದುವರಿಸಿ.