ಅತ್ತೆಯ ಕಾಕಟೀಲ್, ಚಿಕ್ಕಪ್ಪನ ಫಾರ್ವರ್ಡ್

ಸೋಮವಾರಪೇಟೆ ಚಿಕ್ಕಪ್ಪ (ಫಾರ್ವರ್ಡ್): ಸಾಕು ಹಕ್ಕಿ ತೂಕಡಿಸುತ್ತಿದೆಯಾ? ಕುಡಿಯುವ ನೀರಿಗೆ ಚಿಟಿಕೆ ಅರಿಶಿನ, ಅರ್ಧ ಚಮಚ ಟೆಟ್ರಾಸೈಕ್ಲಿನ್ ಪುಡಿ ಹಾಕಿ. ಮೂರೇ ದಿನದಲ್ಲಿ ಗುಣ. ಎಲ್ಲರಿಗೂ ಕಳಿಸಿ.

ಪೊನ್ನಂಪೇಟೆ ಅತ್ತೆ: ಒಳ್ಳೇ ಸಮಯಕ್ಕೆ ಕಳಿಸಿದೆ. ನಮ್ಮ ಕಾಕಟೀಲ್ ಗಿಳಿ ಎರಡು ದಿನದಿಂದ ಗರಿ ಉಬ್ಬಿಸಿಕೊಂಡು ಕೂತಿದೆ. ಈ ಪುಡಿ ಗೋಣಿಕೊಪ್ಪದಲ್ಲಿ ಸಿಗುತ್ತಾ?

ನಾನು: ಅತ್ತೆ, ದಯವಿಟ್ಟು ಹಾಕಬೇಡಿ. ಮೊದಲು ಪಕ್ಕದಿಂದ ಒಂದು ವಿಡಿಯೋ ತೆಗೆದು ಕಳಿಸಿ. ಬಾಲ ಕಾಣಬೇಕು.

ಚಿಕ್ಕಪ್ಪ: ಯಾಕೆ ಹೆದರಿಸುತ್ತೀಯ? ನಮ್ಮ ಕೋಳಿಗಳು ಇದೇ ಪುಡಿಯಲ್ಲಿ ಉಳಿದಿವೆ.

ನಾನು: ಉಳಿದಿರಬಹುದು ಚಿಕ್ಕಪ್ಪ. ಆ ಪುಡಿ ಆ್ಯಂಟಿಬಯಾಟಿಕ್. ಕಾಯಿಲೆ ಬ್ಯಾಕ್ಟೀರಿಯಾದ್ದಾಗಿದ್ದರೆ ಅದಕ್ಕೆ ಬಗ್ಗಬಹುದು. ರಾಣಿಖೇತ್ ಅನ್ನುವ ಕೋಳಿ ರೋಗ ಆಗಿದ್ದರೆ ಬಗ್ಗುತ್ತಿರಲಿಲ್ಲ, ಅದು ವೈರಸ್. ಹೊರಗಿಂದ ನೋಡಿದರೆ ಎಲ್ಲವೂ ಒಂದೇ ಥರ. ಉಬ್ಬಿದ ಗರಿ, ಅರ್ಧ ಮುಚ್ಚಿದ ಕಣ್ಣು. ಹಕ್ಕಿ ಕೈಲಾದಷ್ಟು ದಿನ ಕಾಯಿಲೆಯನ್ನು ಮುಚ್ಚಿಡುತ್ತದೆ. ನಮಗೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಹೋದ ಕಕ್ಕಡದ ಮಳೆಯಲ್ಲಿ ನಮ್ಮ ನೀಲಿ ಬಜ್ರಿಗರ್ ಗಿಳಿ ಸತ್ತಿತಲ್ಲ, ಅದಕ್ಕೆ ನಾನೂ ಹೀಗೇ ಪುಡಿ ಹಾಕಿದ್ದೆ. ಐದು ದಿನ. ಅದಕ್ಕೆ ಹಾಕುವ ನವಣೆಯ ಚೀಲ ಅಡುಗೆಮನೆ ಗೋಡೆಗೆ ಒರಗಿತ್ತು. ಆ ಮಳೆಗೆ ಗೋಡೆ ಯಾವಾಗಲೂ ಒದ್ದೆ. ಕೈ ಹಾಕಿದರೆ ತಳದ ಕಾಳು ಉಂಡೆ ಉಂಡೆಯಾಗಿ ಬಂತು, ಮುಗ್ಗಲು ವಾಸನೆ. ಸತ್ತ ಮೇಲೆ ಡಾಕ್ಟರ್ ಕೊಯ್ದು ತೋರಿಸಿದರು, ಶ್ವಾಸಕೋಶಕ್ಕೆ ಸೇರಿದ ಗಾಳಿಚೀಲದ ಒಳಗೆಲ್ಲ ಬೂಸ್ಟು. ಆಸ್ಪರ್ಜಿಲ್ಲಸ್ ಅಂತೆ. ಬೂಸ್ಟಿಗೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ, ಎಷ್ಟೋ ಸಲ ಇನ್ನೂ ಜಾಸ್ತಿ ಮಾಡುತ್ತದೆ. ಆ ಐದು ದಿನ ನನಗೆ ಇವತ್ತಿಗೂ ಮರೆಯಲು ಆಗುತ್ತಿಲ್ಲ.

ಮಡಿಕೇರಿ ಅಕ್ಕ: ಆದರೆ ಗಿಳಿ ಜ್ವರಕ್ಕೆ ಕೊಡುವುದು ಅದೇ ಜಾತಿಯ ಔಷಧಿ ಅಲ್ವಾ?

ನಾನು: ಹೌದಕ್ಕ, ಗಿಳಿ ಜ್ವರಕ್ಕೆ, ಅಂದರೆ ಸಿಟಕೋಸಿಸ್‌ಗೆ, ಡಾಕ್ಸಿಸೈಕ್ಲಿನ್. ಅದನ್ನು ತೂಕ ನೋಡಿ, ಸಾಮಾನ್ಯವಾಗಿ 45 ದಿನ ಕೊಡುತ್ತಾರೆ. ಮೂರು ದಿನಕ್ಕೆ ನಿಲ್ಲಿಸಿದರೆ ಹಕ್ಕಿ ಚುರುಕಾದಂತೆ ಕಾಣುತ್ತದೆ, ಹಿಕ್ಕೆಯಲ್ಲಿ ರೋಗ ಹೋಗುತ್ತಲೇ ಇರುತ್ತದೆ. ಕಾಕಟೀಲ್ ತೂಕ ಸುಮಾರು 90 ಗ್ರಾಂ. ಅದಕ್ಕೆ ಅರ್ಧ ಚಮಚ ಯಾವ ಲೆಕ್ಕ? ಕಾಯಿಲೆಯ ಹಕ್ಕಿ ನೀರನ್ನೇ ಸರಿಯಾಗಿ ಕುಡಿಯುವುದಿಲ್ಲ, ರುಚಿ ಬದಲಾದರೆ ಮುಟ್ಟುವುದೂ ಇಲ್ಲ. ಪಂಜರದಲ್ಲಿ ಕಟಲ್‌ಬೋನ್ (ಹಕ್ಕಿ ಕಡಿಯಲು ಇಡುವ ಬಿಳಿ ತುಂಡು) ಇದ್ದರೆ ಅದರ ಸುಣ್ಣ (ಕ್ಯಾಲ್ಸಿಯಂ) ಟೆಟ್ರಾಸೈಕ್ಲಿನ್ ಮೈಗೆ ಹತ್ತಲು ಬಿಡುವುದಿಲ್ಲ.

ಅತ್ತೆ: ವಿಡಿಯೋ ಹೋಗುತ್ತಿಲ್ಲ, ಮಳೆಗೆ ನೆಟ್‌ವರ್ಕ್ ಇಲ್ಲ. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿದೆ. ಹಿಕ್ಕೆಯಲ್ಲಿ ಬಿಳಿ ಇರಬೇಕಾದ ಕಡೆಯೂ ಗಿಣಿಹಸಿರು.

ನಾನು: ಬಾಲ ಹಾಗೆ ಆಡಿದರೆ ಉಸಿರಾಟ ಕಷ್ಟವಾಗಿದೆ ಅಂತ. ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಅತ್ತೆ. ಹೊಸ ಹಕ್ಕಿ ಏನಾದರೂ ತಂದಿರಾ?

ಅತ್ತೆ: ಹದಿನೈದು ದಿನದ ಹಿಂದೆ ಮೈಸೂರಿಂದ ಒಂದು ಜೋಡಿ ತಂದೆವು. ಪಾಪ, ಜೊತೆಗಿರಲಿ ಅಂತ ಇದರ ಪಂಜರಕ್ಕೇ ಬಿಟ್ಟೆವು. ಮಾವನಿಗೂ ಮೊನ್ನೆಯಿಂದ ಜ್ವರ, ತಲೆನೋವು, ಒಣಕೆಮ್ಮು. ಮಳೆ ಜ್ವರ ಅಂದುಕೊಂಡೆ.

ನಾನು: ಮಾವ ಡಾಕ್ಟರ ಹತ್ತಿರ ಹೋದಾಗ ಮೊದಲ ಮಾತೇ ಇದಾಗಲಿ: ಮನೆಯಲ್ಲಿ ಹಕ್ಕಿ ಇದೆ, ಅದಕ್ಕೆ ಹುಷಾರಿಲ್ಲ. ಹೇಳದಿದ್ದರೆ ಯಾರಿಗೂ ಆ ಕಡೆ ಯೋಚನೆ ಹೋಗುವುದಿಲ್ಲ. ಸಿಟಕೋಸಿಸ್ ಒಣಗಿದ ಹಿಕ್ಕೆಯ ಧೂಳಿನಿಂದ ಮನುಷ್ಯರಿಗೂ ಬರುತ್ತದೆ, ಸಾಮಾನ್ಯವಾಗಿ 5ರಿಂದ 14 ದಿನದಲ್ಲಿ. 1929-30ರಲ್ಲಿ ದಕ್ಷಿಣ ಅಮೆರಿಕದಿಂದ ಹೋದ ಗಿಳಿಗಳಿಂದ ಎಷ್ಟೋ ದೇಶಗಳಲ್ಲಿ ಹರಡಿತ್ತು. ಸಮಯಕ್ಕೆ ಔಷಧಿ ಕೊಟ್ಟರೆ ವಾಸಿಯಾಗುವ ಕಾಯಿಲೆ, ಗಾಬರಿ ಬೇಡ.

ಪಂಜರ ಗುಡಿಸಬೇಡಿ. ನೀರು ಚಿಮುಕಿಸಿ, ಮಾಸ್ಕ್ ಹಾಕಿಕೊಂಡು ಒರೆಸಿ. ಹೊಸ ಜೋಡಿಯನ್ನು ಬೇರೆ ಕೋಣೆಗೆ ಹಾಕಿ. ತಂದ ಹಕ್ಕಿಯನ್ನು ತಿಂಗಳಾದರೂ ಬೇರೆ ಇಡಬೇಕಿತ್ತು. ಆಗಿದ್ದು ಆಯ್ತು. ಆ ಜೋಡಿಯನ್ನೂ ಡಾಕ್ಟರಿಗೆ ತೋರಿಸಿ.

ಚಿಕ್ಕಪ್ಪ: ಫಾರ್ವರ್ಡ್ ಅಳಿಸಿದೆ. ಅತ್ತಿಗೆ, ಜೀಪ್ ಕಳಿಸಲಾ?

ಅತ್ತೆ: ಬೇಡ, ಪಕ್ಕದ ಮನೆಯವರ ಕಾರಿದೆ. ಚಿಕ್ಕ ಪಂಜರಕ್ಕೆ ಹಾಕಿ ಟವೆಲ್ ಹೊದಿಸಿದೆ. ಈಗ ಹೊರಟೆವು.

ನಾನು: ತಳಕ್ಕೆ ಹಾಸಿದ ಪೇಪರನ್ನು ಹಾಗೇ ಮಡಚಿ ಪ್ಲಾಸ್ಟಿಕ್ ಕವರಿಗೆ ಹಾಕಿ ತೆಗೆದುಕೊಂಡು ಹೋಗಿ ಅತ್ತೆ. ಡಾಕ್ಟರ್ ಹಿಕ್ಕೆ ಕೇಳುತ್ತಾರೆ.