ಸೆಲ್ ಕೌಂಟರಿನ ಸಂಖ್ಯೆಗೆ ಇರುವ ಮಾನ್ಯತೆ ಕೈ ಎಣಿಕೆಗೆ ಏಕಿಲ್ಲ?

ಪ್ರಶ್ನೆ (ತಾಲ್ಲೂಕು ಕೇಂದ್ರವೊಂದರ ಲ್ಯಾಬ್ ಟೆಕ್ನೀಷಿಯನ್):
ಹದಿನೆಂಟು ವರ್ಷ ನ್ಯೂಬಾರ್ ಚೇಂಬರಿನಲ್ಲಿ (ಸಣ್ಣ ಚೌಕಗಳನ್ನು ಕೊರೆದ ಗಾಜಿನ ಸ್ಲೈಡ್) ಸೂಕ್ಷ್ಮದರ್ಶಕದಿಂದ ನೋಡಿ ರಕ್ತಕಣ ಎಣಿಸಿದವನು ನಾನು. ಕಳೆದ ವಾರ ಡೆಂಗಿ ಶಂಕೆಯ ರೋಗಿಯೊಬ್ಬರ ಪ್ಲೇಟ್‌ಲೆಟ್ ಸಂಖ್ಯೆ ರಕ್ತಕಣ ಎಣಿಸುವ ನಮ್ಮ ಯಂತ್ರದಲ್ಲಿ, ಅಂದರೆ ಸೆಲ್ ಕೌಂಟರಿನಲ್ಲಿ, 38,000 ಎಂದು ಬಂತು. ಅನುಮಾನದಿಂದ ಸ್ಮಿಯರ್ ಮಾಡಿ, ಅಂದರೆ ಸ್ಲೈಡಿನ ಮೇಲೆ ರಕ್ತವನ್ನು ತೆಳುವಾಗಿ ಹರಡಿ ನೋಡಿದರೆ, ಸ್ಲೈಡಿನ ಬಾಲದ ತುದಿಯಲ್ಲಿ ಪ್ಲೇಟ್‌ಲೆಟ್‌ಗಳು ಗುಂಪುಗುಂಪಾಗಿ ಅಂಟಿಕೊಂಡಿದ್ದವು. ಸಂಖ್ಯೆ ಒಂದು ಲಕ್ಷಕ್ಕೂ ಮೇಲಿದೆಯೆಂದು ಕೈಯಲ್ಲಿ ಬರೆದುಕೊಟ್ಟಾಗ ಮನೆಯವರು ಒಪ್ಪದೆ, ಮುದ್ರಿತ ಚೀಟಿಯನ್ನೇ ಕೇಳಿದರು. ಯಂತ್ರಕ್ಕೆ ಈ ಮಾನ್ಯತೆ ಹೇಗೆ ದಕ್ಕಿತು? ಅದು ನ್ಯಾಯವಾಗಿ ದಕ್ಕಿದ್ದೇ?

ಉತ್ತರ 1 (ಪೆಥಾಲಜಿ ಅಧ್ಯಾಪಕಿ):
ಬಹುಮಟ್ಟಿಗೆ ನ್ಯಾಯವಾಗಿಯೇ ದಕ್ಕಿತು ಎನ್ನುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳ ಲ್ಯಾಬುಗಳಿಗೆ ಒಂದೇ ಮಾದರಿಯನ್ನು ಕಳುಹಿಸಿ ನೋಡಿದ ಬೆಲ್ಕ್ ಮತ್ತು ಸಂಡರ್ಮನ್, ಫಲಿತಾಂಶಗಳು ಎಷ್ಟು ಅಂತರದಲ್ಲಿವೆಯೆಂದು 1947ರಲ್ಲಿ ಪ್ರಕಟಿಸಿದರು. ಕೈಕೆಲಸದ ಮೇಲಿನ ನಂಬಿಕೆ ಅಲುಗಾಡಿದ್ದು ಹೀಗೆ, ಯಂತ್ರ ಬರುವ ಮೊದಲೇ. ಸಣ್ಣ ರಂಧ್ರದಲ್ಲಿ ಕಣವೊಂದು ಹಾಯುವಾಗ ಕ್ಷಣಕಾಲ ಏರುವ ವಿದ್ಯುತ್ ಪ್ರತಿರೋಧವನ್ನು ಎಣಿಸುವ ವಿಧಾನಕ್ಕೆ ವಾಲೆಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದರು. 1956ರಲ್ಲಿ ಬ್ರೆಶರ್ ಮತ್ತು ಸಂಗಡಿಗರು ಕೆಂಪು ರಕ್ತಕಣ ಎಣಿಸುವ ಆ ಯಂತ್ರವನ್ನು ಪರೀಕ್ಷಿಸಿ ಪ್ರಕಟಿಸಿದ ಮೇಲೆ ವೈದ್ಯರ ನಂಬಿಕೆಗೆ ಆಧಾರ ಸಿಕ್ಕಿತು.

ಇನ್ನೊಂದು ಮಾತನ್ನು ನೀವು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಚೇಂಬರಿನಲ್ಲಿ 100 ಕಣ ಎಣಿಸಿದರೆ, ಎಷ್ಟೇ ನುರಿತ ಕೈಯಾದರೂ, ಸುಮಾರು ಶೇ. 10ರಷ್ಟು ಏರುಪೇರು ಇದ್ದೇ ಇರುತ್ತದೆ. ಅದು ಆಕಸ್ಮಿಕ ಹಂಚಿಕೆಯಿಂದ ಬರುವ ದೋಷ, ನಿಮ್ಮ ಅಜಾಗರೂಕತೆಯಲ್ಲ. ಯಂತ್ರ ಸಾವಿರಾರು ಕಣ ಎಣಿಸುವುದರಿಂದ ಈ ದೋಷ ಕುಗ್ಗುತ್ತದೆ. ಆದರೆ ಗುಂಪಾಗಿ ಅಂಟಿಕೊಂಡ ಹತ್ತು ಪ್ಲೇಟ್‌ಲೆಟ್‌ಗಳು ಅದಕ್ಕೆ ಒಂದೇ ದೊಡ್ಡ ಕಣವಾಗಿ ತೋರಬಹುದು, ಕೆಲವೊಮ್ಮೆ ಬಿಳಿ ರಕ್ತಕಣವೆಂದೇ ಲೆಕ್ಕಕ್ಕೆ ಸೇರಬಹುದು.

ಉತ್ತರ 2 (ಗುಣಮಟ್ಟ ನಿಯಂತ್ರಣದಲ್ಲಿರುವವರು):
ಮಾನ್ಯತೆಯ ಅರ್ಧಪಾಲು ದಾಖಲೆಯದು. 1950ರಲ್ಲಿ ಬಂದ ಲೇವಿ–ಜೆನಿಂಗ್ಸ್ ಚಾರ್ಟಿನಲ್ಲಿ ದಿನದಿನದ ಕಂಟ್ರೋಲ್ (ಮೌಲ್ಯ ಮೊದಲೇ ಗೊತ್ತಿರುವ ಮಾದರಿಯ ಫಲಿತಾಂಶ) ಗುರುತಿಸಿದವರಿಗೆ ಆಡಿಟ್ ದಿನ ಉತ್ತರವಿರುತ್ತದೆ. ಕೈ ಎಣಿಕೆಯ ಹಾಳೆಯನ್ನು ನಮ್ಮಲ್ಲಿ ಬಹಳ ಕಡೆ ಎಸೆದುಬಿಡುತ್ತಿದ್ದೆವು. ಇಬ್ಬರು ಒಂದೇ ಮಾದರಿ ಎಣಿಸಿ ಅಂತರ ಬರೆದಿಡುವುದಕ್ಕೆ ಯಂತ್ರ ಬೇಕಿರಲಿಲ್ಲ, ನಾವು ಮಾಡಲಿಲ್ಲ, ಅಷ್ಟೆ. ಯಂತ್ರದ ವರದಿಯನ್ನು ಯಾವಾಗ ಸ್ಮಿಯರಿನಿಂದ ಪರೀಕ್ಷಿಸಬೇಕೆಂದು ಅಂತರರಾಷ್ಟ್ರೀಯ ತಜ್ಞರ ತಂಡ 2005ರಲ್ಲಿ 41 ನಿಯಮಗಳನ್ನು ಸೂಚಿಸಿದೆ. ನೀವು ಮಾಡಿದ್ದು ಆ ಕೆಲಸವನ್ನೇ.

ಉತ್ತರ 3 (ಪೆಥಾಲಜಿ ಅಧ್ಯಾಪಕಿ):
ಇಂಥ ರೋಗಿಯ ರಕ್ತವನ್ನು ನೇರಳೆ ಮುಚ್ಚಳದ ಟ್ಯೂಬಿನ ಬದಲು (ಅದರಲ್ಲಿರುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎಯಿಂದಲೇ ಕೆಲವರ ಪ್ಲೇಟ್‌ಲೆಟ್‌ಗಳು ಗುಂಪುಗಟ್ಟುತ್ತವೆ) ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ತೆಗೆದು ಮತ್ತೆ ಎಣಿಸಿ, ಸಿಟ್ರೇಟ್ ದ್ರವದಿಂದ ರಕ್ತ ತೆಳುವಾಗುವುದರಿಂದ ಬಂದ ಸಂಖ್ಯೆಯನ್ನು 1.1ರಿಂದ ಗುಣಿಸಿ. ಸಿಟ್ರೇಟಿನಲ್ಲೂ ಗುಂಪುಗಟ್ಟುವುದುಂಟು, ಆದ್ದರಿಂದ ಸ್ಲೈಡ್ ನೋಡದೆ ಬಿಡಬೇಡಿ.

ಪ್ರಶ್ನೆ ಕೇಳಿದವರು:
ಹಾಗೆಯೇ ಮಾಡುತ್ತೇನೆ. ಇಂದಿನಿಂದ ಮುದ್ರಿತ ವರದಿಯಲ್ಲೇ "ಪ್ಲೇಟ್‌ಲೆಟ್‌ಗಳು ಗುಂಪುಗಟ್ಟಿವೆ, ಸ್ಮಿಯರ್ ನೋಡಿ ಅಂದಾಜಿಸಲಾಗಿದೆ" ಎಂಬ ಸಾಲನ್ನು ಸೇರಿಸಿ, ಪೆಥಾಲಜಿಸ್ಟರ ಸಹಿ ಹಾಕಿಸಿ ಕೊಡುತ್ತೇನೆ.