ಅಪ್‌ಡೇಟ್: ಅಮ್ಮನ ಆಕ್ಸಿಮೀಟರ್ ರೀಡಿಂಗ್ ಕೊನೆಗೂ ಸರಿಹೋಯ್ತು

ಅಮ್ಮನಿಗೆ ಶ್ವಾಸಕೋಶದ ಸೋಂಕು. ಮನೆಯಲ್ಲೇ ಆಕ್ಸಿಜನ್ ನೋಡಿ ದಿನಾ ನರ್ಸ್‌ಗೆ ಫೋನಲ್ಲಿ ಹೇಳಬೇಕಿತ್ತು. ಬೆರಳಿಗೆ ಹಾಕಿ ರಕ್ತದಲ್ಲಿರೋ ಆಕ್ಸಿಜನ್ ಶೇಕಡಾ ಎಷ್ಟು ಅಂತ ನೋಡೋ ಆಕ್ಸಿಮೀಟರ್ ಒಮ್ಮೆ 96, ಮರುಕ್ಷಣ 88 ತೋರಿಸುತ್ತೆ, ಯಾವುದನ್ನು ನಂಬಲಿ ಅಂತ ಕೇಳಿದ್ದೆ. ಈಗ ಅಮ್ಮ ಆರಾಮಾಗಿದ್ದಾರೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಕೆಲಸ ಮಾಡಿದ್ದು ‘ಕೈ ಬೆಚ್ಚಗೆ ಮಾಡಿ’ ಅಂದವರ ಸಲಹೆ. ಅಮ್ಮನ ಬೆರಳು ಸದಾ ತಣ್ಣಗೆ. ಅಂಗೈ ಉಜ್ಜಿ, ಐದು ನಿಮಿಷ ಸುಮ್ನೆ ಕೂರಿಸಿ, ನಡುಬೆರಳಿಗೆ ಹಾಕಿ, ಅಂಕಿ ಒಂದು ಕಡೆ ನಿಲ್ಲೋವರೆಗೆ ಕಾಯುತ್ತಿದ್ದೆ. 95ರ ಆಸುಪಾಸಲ್ಲಿ ನಿಂತಿತು. ಬ್ಯಾಟರಿ ಬದಲಿಸಿದ್ದರಿಂದ ಏನೂ ಆಗಲಿಲ್ಲ. ಸ್ಮಾರ್ಟ್‌ವಾಚ್ ಅಂತೂ ಗೊಂದಲವನ್ನೇ ಜಾಸ್ತಿ ಮಾಡಿತು.

ನನಗೆ ಆಶ್ಚರ್ಯ ಆಗಿದ್ದು ಉಸಿರಿನ ಲೆಕ್ಕ. ನರ್ಸ್ ಅದನ್ನೂ ತಪ್ಪದೆ ಕೇಳುತ್ತಿದ್ದರು. ಸುಮ್ಮನಿರುವಾಗ ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಇರಬೇಕಂತೆ. ಪೂರ್ತಿ ನಿಮಿಷ ಎಣಿಸಬೇಕು, ಅದೂ ಅವರಿಗೆ ಗೊತ್ತಾಗದ ಹಾಗೆ. ಗೊತ್ತಾದರೆ ಉಸಿರಾಡೋ ರೀತಿಯೇ ಬದಲಾಗುತ್ತೆ. ನಾನು ನಾಡಿ ನೋಡುವವಳ ಹಾಗೆ ಮಣಿಕಟ್ಟು ಹಿಡಿದು, ಹೊದಿಕೆ ಏರಿಳಿಯೋದನ್ನು ಎಣಿಸುತ್ತಿದ್ದೆ.

ಇನ್ನೊಂದು ವಿಷಯ. ಚರ್ಮದ ಬಣ್ಣ ಗಾಢವಾಗಿದ್ದರೆ ಈ ಯಂತ್ರ ನಿಜಕ್ಕಿಂತ ಜಾಸ್ತಿ ತೋರಿಸಬಹುದು. ಹಾಗಾಗಿ ಅಂಕಿ ಚೆನ್ನಾಗಿದ್ದರೂ ತುಟಿ ನೀಲಿಯಾದರೆ, ಒಂದು ಮಾತು ಮುಗಿಸೋಕೆ ಉಸಿರು ಸಾಲದಿದ್ದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ನಮಗೆ 92 ಅಥವಾ ಅದಕ್ಕಿಂತ ಕಡಿಮೆ ಬಂದರೆ ತುರ್ತು ಅಂದಿದ್ದರು. ಮೊದಲೇ ಶ್ವಾಸಕೋಶದ ಕಾಯಿಲೆ ಇರುವವರಿಗೆ ಈ ಮಿತಿ ಬೇರೆ ಇರುತ್ತೆ, ನಿಮ್ಮ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ.